ಬೀದಿಯ ವಯರು ಕಳಚಿ ತೋರಿಸಿದ ಸ್ಪೀಡು

ಗಿರಿಜಕ್ಕಾ, ನಿಮ್ಮ ಮನೆಯ ಇಂಟರ್ನೆಟ್ಟು ಪದೇ ಪದೇ ಕಡಿದುಹೋಗುತ್ತಿದ್ದದ್ದು ನನ್ನಿಂದ. ನಿಮ್ಮ ಕಂಪ್ಯೂಟರಿನಿಂದಲ್ಲ, ಮೋಡೆಮ್‌ನಿಂದಲ್ಲ, ನೀವು ಯಾರ ಜೊತೆಗೋ ಚಾಟಿಂಗ್ ಮಾಡಿದ್ದರಿಂದ ಅಂತೂ ಅಲ್ಲವೇ ಅಲ್ಲ. ಕಡಿದವನು ನಾನು — ಈ ಕೈಯಲ್ಲೇ. ಅದನ್ನು ಮುಚ್ಚಿಕೊಳ್ಳೋದಕ್ಕೆ ನಿಮ್ಮ ಗಂಡನ ಎದುರು ನಿಮ್ಮ ಮೇಲೆ ಸುಳ್ಳು ಹೇಳಿದವನೂ ನಾನೇ.

ಎರಡು ಸಾವಿರದ ಆರೋ ಏಳೋ ಇರಬೇಕು. ನಾನಾಗ ಕುರುಬರಹಳ್ಳಿಯ ಕೇಬಲ್ ಆಫೀಸಿನಲ್ಲಿ ಲೈನ್ ನೋಡಿಕೊಳ್ಳುತ್ತಿದ್ದೆ. ನಮ್ಮ ಓನರ್ ಟೀವಿ ಕೇಬಲ್ ಪಕ್ಕದಲ್ಲೇ ಇನ್ನೊಂದು ವಯರು ಎಳೆಸಿ ಇಂಟರ್ನೆಟ್ ಕೊಡೋಕೆ ಶುರು ಮಾಡಿದ್ದ. ಇಡೀ ಬೀದಿಗೆ ಒಂದೇ ಲೈನು. ನಾಲ್ಕು ಮನೆಗೆ ಸಾಕಾಗೋದನ್ನು ಬೀದಿಗೆಲ್ಲ ಹಂಚಿದರೆ ಸ್ಪೀಡು ಎಲ್ಲಿಂದ ಬರಬೇಕು, ನನ್ನ ತಲೆಯಿಂದಲಾ? ಆದರೂ ಹೊಸ ಮೋಡೆಮ್ ಹಾಕಿದ ಮನೆಯಲ್ಲಿ ಸ್ಪೀಡ್ ಟೆಸ್ಟ್ ಮಾಡಿ ತೋರಿಸಬೇಕು, ಚೀಟಿಗೆ ಸೈನ್ ಹಾಕಿಸಿಕೊಂಡೇ ಬರಬೇಕು ಅಂತ ಅವನ ಹುಕುಂ.

ಅದಕ್ಕೆ ನಾನು ಕಂಡುಕೊಂಡ ದಾರಿ ಇದು. ಮೊದಲು ಮೂಲೆಮನೆಯ ಟೆರೇಸ್ ಹತ್ತೋದು. ಬೀದಿಯ ವಯರೆಲ್ಲ ಬಂದು ಸೇರುವ ಅಲ್ಲಿದ್ದ ಡಬ್ಬ ತೆರೆದು ಮಿಕ್ಕೆಲ್ಲ ಮನೆಗಳ ಇಂಟರ್ನೆಟ್ ವಯರು ಕಳಚೋದು. ಆಮೇಲೆ ಇಳಿದು ಬಂದು ಗಿರಾಕಿ ಮುಂದೆ ಟೆಸ್ಟ್ ಓಡಿಸೋದು — ಕಂಪ್ಯೂಟರಿನ ಪರದೆ ಮೇಲೆ ಸ್ಪೀಡಿನ ಮುಳ್ಳು ಸರ್ರಂತ ಏರುತ್ತಿತ್ತು. ಬೀದಿಯ ನೀರೆಲ್ಲ ಒಂದೇ ನಲ್ಲಿಗೆ ತಿರುಗಿಸಿದರೆ ಏರದೆ ಏನು ಮಾಡುತ್ತೆ! ಸೈನ್ ಆದಮೇಲೆ ಹೋಗಿ ವಾಪಸ್ ಸಿಕ್ಕಿಸೋದು. ಗಿರಾಕಿ ಕಾಫಿ ಕೊಟ್ಟರೆ ಕುಡಿದುಕೊಂಡು, ಹರಟೆ ಹೊಡೆದು, ನಿಧಾನಕ್ಕೆ.

ಅಷ್ಟೊತ್ತೂ ನೀವು ಒಳಗೆ ಒದ್ದಾಡುತ್ತಿದ್ದಿರಿ. ಅಮೆರಿಕದ ಡಾಕ್ಟರುಗಳು ರೋಗಿಗಳ ಬಗ್ಗೆ ಮಾತಾಡಿ ರೆಕಾರ್ಡ್ ಮಾಡಿ ಕಳಿಸಿದ್ದನ್ನು ಕಿವಿಗೆ ಹಾಕಿಕೊಂಡು ಕೇಳಿ, ಟೈಪ್ ಮಾಡಿ, ಹೇಳಿದ ಗಂಟೆಯೊಳಗೆ ವಾಪಸ್ ಕಳಿಸುವ ಕೆಲಸ ನಿಮ್ಮದು. ಗದಗಿನ ಕಡೆಯಿಂದ ಮದುವೆಯಾಗಿ ಬಂದು, ಈ ಊರಲ್ಲಿ ಒಬ್ಬರ ಪರಿಚಯವೂ ಇಲ್ಲದೆ, ನಿಮ್ಮ ಪಾಡಿಗೆ ನೀವು ಕಲಿತು ದಕ್ಕಿಸಿಕೊಂಡದ್ದು. ಒಂದು ಸಲ ತಡವಾದರೆ ಬೈಗುಳ. ಪದೇ ಪದೇ ಆದರೆ ಕೆಲಸವೇ ಇಲ್ಲ.

ನೀವು ಕಂಪ್ಲೇಂಟ್ ಕೊಟ್ಟಾಗ ನಾನು ಏನು ಹೇಳಿದೆ? ‘ನಿಮ್ಮ ಮೋಡೆಮ್ ಹಳೇದು ಮೇಡಮ್, ಚೇಂಜ್ ಮಾಡಿಸಿ.’ ಪಾಪ, ನಂಬಿದಿರಿ. ಹೊಸದು ಹಾಕಲು ಬಂದ ದಿನವೂ ಮೊದಲು ಟೆರೇಸ್ ಹತ್ತಿಯೇ ಬಂದಿದ್ದೆ. ಮುಳ್ಳು ಏರಿದ್ದು ನೋಡಿ ನಿಮ್ಮ ಮುಖ — ‘ಅಣ್ಣಾರ, ಇನ್ನ ನನ್ನ ಕೆಲಸ ಉಳೀತು ನೋಡ್ರಿ’ ಅಂದು ತಟ್ಟೆ ತುಂಬ ಗಿರ್ಮಿಟ್ ಮಾಡಿಕೊಟ್ಟಿರಿ. ತಿಂದೆ. ನಾಚಿಕೆಗೆಟ್ಟವನು, ಇನ್ನೊಂದು ಸಲ ಹಾಕಿಸಿಕೊಂಡೂ ತಿಂದೆ.

ಮುಂದಿನ ವಾರದಿಂದ ಮತ್ತೆ ಅದೇ ಕತೆ. ಎದುರುಮನೆಗೆ ಮೋಡೆಮ್, ಹಿಂದಿನ ಮನೆಗೆ ಮೋಡೆಮ್, ನಾನು ಟೆರೇಸಿನ ಮೇಲೆ.

ಆ ಶನಿವಾರ ನಿಮ್ಮ ಯಜಮಾನರೇ ಫೋನ್ ಮಾಡಿ ಕರೆಸಿದ್ದರು. ನೀವು ಒಂದು ನೋಟ್‌ಬುಕ್ ತಂದು ನನ್ನ ಮುಂದೆ ಇಟ್ಟಿರಿ. ಲೈನ್ ಹೋದ ದಿನ, ಹೋದ ಗಂಟೆ, ಬಂದ ಗಂಟೆ — ಎಲ್ಲ ಗುಂಡಗಿನ ಅಕ್ಷರದಲ್ಲಿ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ಮೊದಲನೇ ಸಾಲಲ್ಲೇ ಸಿಕ್ಕಿಬಿದ್ದೆ ಅನ್ನಿಸಿತು. ಒಂದೊಂದು ಹೊತ್ತೂ ನಾನು ಯಾವ ಮನೆಯಲ್ಲಿ ಕೂತು ಕಾಫಿ ಕುಡಿದದ್ದು ಅಂತ ನನಗೆ ಗೊತ್ತಿತ್ತು. ಗಂಟೆ ಬರೆದು ಸೈನ್ ಹಾಕಿಸಿದ್ದ ಆಫೀಸಿನ ಚೀಟಿಗಳ ಪಕ್ಕ ಇದನ್ನು ಇಟ್ಟು ನೋಡಿದರೆ ಮುಗೀತು. ಓನರ್ ತನ್ನ ಮೇಲೆ ಹಾಕಿಕೊಳ್ಳುವ ಮನುಷ್ಯನಲ್ಲ, ನನ್ನನ್ನೇ ಹೊರಗೆ ಹಾಕುತ್ತಿದ್ದ.

ಆಗ ಈ ಎಲುಬಿಲ್ಲದ ನಾಲಿಗೆ ಹೊರಳಿತು. ನಿಮ್ಮ ಕಡೆ ನೋಡಲೂ ಇಲ್ಲ. ‘ಲೈನ್ ಏನೂ ಪ್ರಾಬ್ಲಮ್ ಇಲ್ಲ ಸಾರ್. ನೀವು ಡ್ಯೂಟಿಗೆ ಹೋದಾಗ ಮನೇಲಿ ಯಾರಾದ್ರೂ ಚಾಟಿಂಗ್ ಗೀಟಿಂಗ್ ಮಾಡ್ತಾ ಕೂತ್ರೆ ಹಿಂಗೇ ಕೈ ಕೊಡುತ್ತೆ.’

‘ನಾ ಯಾರ ಕೂಡನೂ ಚಾಟ್ ಮಾಡಂಗಿಲ್ಲರೀ! ದೇವರಾಣಿ ಇಲ್ರೀ!’

ಅವರು ನಿಮ್ಮನ್ನು ಒಂದು ಮಾತೂ ಕೇಳಲಿಲ್ಲ. ಗೋಡೆಯಿಂದ ಪ್ಲಗ್ ಕಿತ್ತು, ಆ ಹೊಸ ಮೋಡೆಮ್ಮನ್ನು ವಯರಿನ ಸಮೇತ ನನ್ನ ಕೈಗೆ ಕೊಟ್ಟು, ‘ತಗೊಂಡ್ಹೋಗಪ್ಪ, ನಮಗೆ ಬೇಡ’ ಅಂದರು.

ಮೈ ಉರಿಯುತ್ತೆ ನನಗೆ, ಈಗಲೂ. ಅವರ ಮೇಲೂ — ತಾಳಿ ಕಟ್ಟಿದ ಹೆಂಡತಿ ಮಾತಿಗಿಂತ ಮೆಟ್ಟಿಲು ಹತ್ತಿಬಂದ ಕೇಬಲ್‌ನವನ ಮಾತು ಹೆಚ್ಚಾಯಿತೇ? ನೋಟ್‌ಬುಕ್ ಕಣ್ಣೆದುರೇ ಬಿದ್ದಿತ್ತಲ್ಲ, ಓದೋಕೆ ಏನಾಗಿತ್ತು ರೋಗ? ಓನರ್ ಮೇಲೂ ಉರಿಯುತ್ತೆ. ಆದರೆ ಇವರನ್ನೆಲ್ಲ ಎಳೆದು ತಂದು ನನ್ನ ಮುಂದೆ ನಿಲ್ಲಿಸಿಕೊಳ್ಳೋ ಯೋಗ್ಯತೆ ನನಗಿಲ್ಲ. ಟೆರೇಸ್ ಹತ್ತಿದ ಕಾಲು ನನ್ನದು. ಥೂ, ನನ್ನ ಜನ್ಮಕ್ಕಿಷ್ಟು.

ನಿಮ್ಮ ಕೆಲಸ ಹೋಯಿತು. ಕಂಪ್ಯೂಟರನ್ನೂ ಮಾರಿದರಂತೆ. ಅಷ್ಟಕ್ಕೇ ಮುಗಿದಿದ್ದರೆ ಬಹುಶಃ ಇದನ್ನು ಬರೆಯುತ್ತಲೇ ಇರಲಿಲ್ಲ — ಅಷ್ಟು ನೀಚ ನಾನು. ಆದರೆ ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ, ಬಸ್ ಸ್ಟಾಪಿನಲ್ಲಿ ನೀವೇ ನನ್ನ ಗುರುತು ಹಿಡಿದಿರಿ. ಬೈಯುತ್ತೀರಿ ಅಂದುಕೊಂಡೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ನೀವು ಮೆಲ್ಲಗೆ ಕೇಳಿದಿರಿ: ‘ಅಣ್ಣಾರ, ಖರೇ ಹೇಳ್ರಿ. ಲೈನ್ ಸರಿನ ಇತ್ತೇನ್ರಿ? ನಾನ ಏನರ ತಪ್ಪು ಒತ್ತತಿದ್ನೇನೋ ಅಂತ ಇನ್ನೂ ತಲ್ಯಾಗ ಕೊರೀತೈತ್ರಿ.’

ಗಂಡ ಇರಲಿಲ್ಲ. ಓನರ್ ಇರಲಿಲ್ಲ. ನಾನು ಆ ಕೆಲಸ ಬಿಟ್ಟೇ ವರ್ಷವಾಗಿತ್ತು. ಹೆದರೋಕೆ ಏನೂ — ಏನೇನೂ ಇರಲಿಲ್ಲ.

‘ಹೂಂ ಮೇಡಮ್, ಲೈನ್ ಸರಿಯಾಗೇ ಇತ್ತು’ ಅಂದೆ.

ನೀವು ತಲೆಯಾಡಿಸಿದಿರಿ. ‘ಹಂಗಾರ ನಂದ ತಪ್ಪು ಬಿಡ್ರಿ’ ಅಂದು ಬಸ್ ಹತ್ತಿದಿರಿ.

ಈ ಕಾಗದ ನಿಮಗೆ ತಲುಪಿದ ಮೇಲಿನ ಭಾನುವಾರ, ಯಜಮಾನರು ಮನೆಯಲ್ಲಿರುವ ಹೊತ್ತಿಗೆ ಬರುತ್ತೇನೆ. ಕ್ಷಮಿಸಿ ಅಂತ ಕೇಳೋಕಲ್ಲ. ನೀವು ಬಾಗಿಲು ತೆಗೆಯಬೇಕಾಗಿಯೂ ಇಲ್ಲ. ಇದಿಷ್ಟನ್ನೂ ಹೊರಗೆ ನಿಂತೇ ಹೇಳುತ್ತೇನೆ, ಅಕ್ಕಪಕ್ಕದವರಿಗೂ ಕೇಳಿಸೋ ಹಾಗೆ.