ಮಣ್ಣುಂಡೆಯ ಹಿಂದಿನ ಹಗ್ಗದ ಗುರುತು

ಬಹರೈನಿನಲ್ಲಿ ನಮ್ಮ ಕರಾವಳಿಯವರು ನಾಲ್ಕು ಜನ ಸೇರಿದರೆ ಸಂಘ, ಸಂಘವಾದರೆ ಉಪನ್ಯಾಸ. ಆ ಶುಕ್ರವಾರ ಬಿರಿಯಾನಿಯ ಆಸೆ ತೋರಿಸಿ ನಮ್ಮನ್ನೆಲ್ಲ ಮ್ಯೂಸಿಯಮ್ಮಿಗೆ ಎಳೆದುಕೊಂಡು ಹೋದರು. ವಿವರಿಸಲು ನಿಂತವರು ಡಿಪ್ಲೊಮ್ಯಾಟಿಕ್ ಏರಿಯಾದ ಯಾವುದೋ ಬ್ಯಾಂಕಿನ ದೊಡ್ಡ ಅಧಿಕಾರಿ. ನಿನ್ನೆ ಮೊಬೈಲಿನಲ್ಲಿ ಓದಿದ್ದನ್ನು ಹುಟ್ಟಿನಿಂದಲೇ ಬಲ್ಲವರಂತೆ ಹೇಳುವ ಕಲೆ ಅವರಿಗೆ ಸಿದ್ಧಿಸಿತ್ತು.

ನಾಲ್ಕು ಸಾವಿರ ವರ್ಷಗಳ ಹಿಂದೆ ಈ ದ್ವೀಪ ದಿಲ್ಮುನ್ ಆಗಿತ್ತು; ಸುಮೇರಿಯದ ಉರ್ ಎಂಬ ನಗರರಾಜ್ಯದವರು ಹಡಗಿನಲ್ಲಿ ಉಣ್ಣೆ ತಂದು ತಾಮ್ರ ಒಯ್ಯುತ್ತಿದ್ದರು. ಇಷ್ಟನ್ನು ಸರಿಯಾಗಿಯೇ ಹೇಳಿದರು. ಆಮೇಲೆ ಗಾಜಿನ ಪೆಟ್ಟಿಗೆಯಲ್ಲಿದ್ದ, ಮುದ್ರೆಯೊತ್ತಿದ ಮಣ್ಣುಂಡೆಯೊಂದನ್ನು ತೋರಿಸಿ, "ಇದು ಉರ್‌ನ ಪುರೋಹಿತರ ತಾಯಿತ" ಎಂದರು. ಎಲ್ಲರೂ ಫೋಟೋ ಹೊಡೆದುಕೊಂಡರು.

ತಾಯಿತವಂತೆ! ಪಕ್ಕದಲ್ಲೇ ಇನ್ನೊಂದು ಉಂಡೆಯನ್ನು ಬೋರಲು ಇಟ್ಟಿದ್ದರು. ಅದರ ಬೆನ್ನ ಮೇಲೆ ಹಗ್ಗದ ಗುರುತು ಎದ್ದು ಕಾಣುತ್ತಿತ್ತು. ಮೂಟೆಗೆ ಹಗ್ಗ ಬಿಗಿದು, ಗಂಟಿನ ಮೇಲೆ ಹಸಿ ಮಣ್ಣು ಮೆತ್ತಿ ಮುದ್ರೆಯೊತ್ತಿದ್ದಾರೆ. ದಾರಿಯಲ್ಲಿ ಯಾರಾದರೂ ಬಿಚ್ಚಿದರೆ ಮುದ್ರೆ ಒಡೆದು ಕಳ್ಳತನ ಗೊತ್ತಾಗಬೇಕು. ಮೀನಾ ಸಲ್ಮಾನ್ ಬಂದರಿನ ಗೋಡೌನಿನಲ್ಲಿ ಹದಿನೆಂಟು ವರ್ಷಗಳಿಂದ ನಾನು ಮಾಡುತ್ತಿರುವುದೂ ಅದನ್ನೇ. ಮಣ್ಣಿನ ಬದಲು ಸೀಸ, ಅಷ್ಟೆ.

ಆದರೆ ಬಾಯಿ ಬಿಡುವಂತಿರಲಿಲ್ಲ. ಪಕ್ಕದಲ್ಲಿ ಮಗಳಿದ್ದಳು. ನಮ್ಮವರಲ್ಲಿ ಹಲವರ ಹಾಗೆ ನಾನೂ ರಿಫಾದ ಮನೆಯಿಂದ ಇಸ್ತ್ರಿ ಅಂಗಿ ತೊಟ್ಟು ಹೊರಟು, ಗೋಡೌನಿನ ಕಕ್ಕಸಿನಲ್ಲಿ ಬ್ಯಾಗಿನಿಂದ ಕೂಲಿಕೆಲಸದ ನೀಲಿ ಕವರಾಲ್ ತೆಗೆದು ಏರಿಸಿಕೊಳ್ಳುವ ಮಹಾನುಭಾವ. ಅಪ್ಪನಿಗೆ ಆಫೀಸು ಕೆಲಸವೆಂದೇ ಅವಳಿಗೆ ಹೇಳಿದ್ದೆ. ನಿಜ ತಿಳಿದರೆ ಅವಳ ಕಣ್ಣಲ್ಲಿ ಸಣ್ಣವನಾಗುತ್ತೇನೆಂಬ ಹೆದರಿಕೆ.

ಅಧಿಕಾರಿಗಳು ತಾಯಿತದ ಮಹಿಮೆಯನ್ನು ಬಣ್ಣಿಸಲು ಶುರುಮಾಡಿದಾಗ ತಡೆಯಲಾಗಲಿಲ್ಲ.

"ಅದು ತಾಯಿತ ಅಲ್ಲ ಮಾರಾಯ್ರೆ, ಮೂಟೆಯ ಸೀಲ್. ಪಕ್ಕದ ಉಂಡೆಯ ಹಿಂದೆ ಹಗ್ಗದ ಗುರುತು ಉಂಟು, ನೋಡಿ."

"ನಿಮಗೆ ಹೇಗೆ ಗೊತ್ತು?"

"ಗೋಡೌನಲ್ಲಿ ನಾನು ದಿನಾ ಒತ್ತುವುದು ಅದನ್ನೇ."

ಅವರು ನಕ್ಕು ಮುಂದಿನ ಪೆಟ್ಟಿಗೆಗೆ ಹೋದರು. ಹಿಂಡೂ ಹಿಂದೆಯೇ ಹೋಯಿತು. ಮಗಳು ಮಾತ್ರ ಬಗ್ಗಿ, ಪೆಟ್ಟಿಗೆಯ ಕೆಳಗಿನ ಇಂಗ್ಲಿಷ್ ಚೀಟಿ ಓದಿದಳು. ಸರಕಿನ ಮೂಟೆಗೆ ಒತ್ತಿದ ಮುದ್ರೆ ಎಂದೇ ಬರೆದಿತ್ತು. ಅಷ್ಟು ಹೊತ್ತು ಅದನ್ನು ಒಬ್ಬರೂ ಓದಿರಲಿಲ್ಲ, ನಾನು ಕೂಡ.

"ಕರೆಕ್ಟ್ ಪಪ್ಪಾ," ಎಂದಳು. ನಾನು ಉಬ್ಬಿಹೋದೆ. ಇಷ್ಟು ವರ್ಷ ಮುಚ್ಚಿಟ್ಟದ್ದಕ್ಕೆ ಏನು ಹೇಳಲಿ ಎಂದು ತಡಕಾಡುತ್ತಿದ್ದಾಗ ಅವಳೇ ನನ್ನ ಕೈ ಹಿಡಿದಳು.

"ನಿಮ್ಮ ಬ್ಲೂ ಡ್ರೆಸ್ ಮಡಚಿ ಬ್ಯಾಗಿಗೆ ಹಾಕುವುದು ನಾನೇ ಅಲ್ವಾ? ನಿಮಗೆ ಬೇಜಾರಾಗ್ತದೆ, ಗೊತ್ತಿಲ್ಲದ ಹಾಗೆ ಇರು ಅಂತ ಮಮ್ಮಿ ಹೇಳಿದ್ದು."