ಎಲ್ಲರ ಪರವಾಗಿ ಬೈಸಿಕೊಂಡ ಮಾಮ

ದಿನವಿಡೀ ಬರಿಯ ಬನಿಯನ್ನಿನಲ್ಲಿ ಚಹಾ ಕಾಸುವ ಮಾಮ ಬಿಳಿ ಅಂಗಿ ತೊಟ್ಟು, ಕುತ್ತಿಗೆಯ ಗುಂಡಿಯನ್ನೂ ಬಿಗಿದುಕೊಂಡು ನಮ್ಮ ಕಾಲೇಜಿನ ಗೇಟು ದಾಟಿದರೆಂದರೆ, ಯಾವನೋ ಹುಡುಗ ಸಿಕ್ಕಿಬಿದ್ದಿದ್ದಾನೆ ಎಂದೇ ಅರ್ಥ. ಆ ಗುಂಡಿ ಅವರ ದಪ್ಪ ಕುತ್ತಿಗೆಗೆ ಆಗುತ್ತಿರಲಿಲ್ಲ. ಮುಖ ಕೆಂಪಗಾಗಿ ಕಿವಿಯ ಹಿಂದಿನಿಂದ ಬೆವರು ಇಳಿಯುತ್ತಿತ್ತು. ಕುರ್ಚಿ ತೋರಿಸಿದರೂ ಕೂರದೆ, ತಲೆ ತಗ್ಗಿಸಿ ನಿಂತು "ಬೈಯಿರಿ ಸರ್" ಎನ್ನುತ್ತಿದ್ದರು.

ಕಾರವಾರದ ಒಂದು ತರಬೇತಿ ಕಾಲೇಜಿನಲ್ಲಿ ನಾನು ಫಿಟ್ಟರ್ ವಿಭಾಗದ ಮಾಸ್ತರ. ಪಾಠದ ಜೊತೆಗೆ ಶಿಸ್ತು ಸಮಿತಿ ಎಂಬುದನ್ನೂ ನನ್ನ ತಲೆಗೇ ಕಟ್ಟಿದ್ದರು. ತಪ್ಪು ಮಾಡಿದವನಿಗೆ ನಾವು ಹೇಳುತ್ತಿದ್ದುದು ಒಂದೇ ಮಾತು, "ಪಾಲಕರನ್ನು ಕರ್ಕೊಂಡು ಬಾ." ಹೇಳುವುದಕ್ಕೇನು? ಅಪ್ಪ ಗೋವಾದಲ್ಲಿ ಬೋಟಿನ ಮೇಲೆ, ಅವ್ವ ಮೀನು ಪೇಟೆಯಲ್ಲಿ. ಕೆಲಸ ಬಿಟ್ಟು ಬಂದವರು ನನ್ನೆದುರೇ ಮಗನ ಕೆನ್ನೆಗೆ ಬಾರಿಸುತ್ತಿದ್ದರು, ಇಲ್ಲವೇ ಯಾವನೋ ಪುಢಾರಿಯ ಹೆಸರು ಹೇಳಿ ನನ್ನನ್ನೇ ಹೆದರಿಸುತ್ತಿದ್ದರು. ಹುಡುಗರೇನು ಪೆದ್ದರೇ? ಗೇಟಿನೆದುರಿನ ಚಹಾದಂಗಡಿಯಲ್ಲೇ ಪಾಲಕರನ್ನು ಹುಡುಕಿಕೊಂಡರು. ಚೆಂಡಿಯಾ ಊರಿನ ತಮ್ಮ ಮನೆ, ಗದ್ದೆ ನೌಕಾನೆಲೆಯ ಪಾಲಾದ ಮೇಲೆ ಇಲ್ಲಿ ಅಂಗಡಿ ಇಟ್ಟವರು ಈ ಮಾಮ. ಅಂಗಡಿಯಲ್ಲಿ ಬಾಯಿಮಾತಿಗೆ ಮಾಮ. ಕಾಲೇಜಿನೊಳಗೆ ಬಂದರೆ ಸಾಕ್ಷಾತ್ ತಾಯಿಯ ಅಣ್ಣ.

"ಹೋದ ವಾರ ಹಣಕೋಣದ ಹುಡುಗನಿಗೆ ಮಾಮ, ಈ ವಾರ ಶಿರವಾಡದವನಿಗೂ ಮಾಮ. ನಿಮಗೆ ಅಕ್ಕತಂಗಿಯರು ಎಷ್ಟು ಮಂದಿ?" ಎಂದು ಒಮ್ಮೆ ಕೇಳಿಯೇಬಿಟ್ಟೆ.

"ಊರಿಗೊಬ್ಬಳು ಇದ್ದಾಳೆ ಸರ್," ಎಂದರು, ನಗದೆ. "ನಮ್ಮಪ್ಪ ಬಾಳ ತಿರುಗಿದ ಮನುಷ್ಯ. ನೀವು ಪೂರ್ತಿ ಬೈಯಿರಿ, ಕಾಲೇಜಿನಿಂದ ಹುಡುಗನ ಹೆಸರು ಮಾತ್ರ ತೆಗಿಬೇಡಿ."

ಇದು ನಾಟಕ ಎಂದು ನಮಗೆಲ್ಲ ಗೊತ್ತಿತ್ತು. ಆದರೆ ಬೈಸಿಕೊಂಡು ಹೋದ ಮೇಲೆ ಅವರು ಹುಡುಗನನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಅವನ ಮೊಬೈಲು ಬಿಸ್ಕಿಟ್ ಡಬ್ಬಿ ಸೇರುತ್ತಿತ್ತು. ಸಂಜೆ ಅಂಗಡಿಯ ಬೆಂಚಿನಲ್ಲೇ ಕೂತು ಡ್ರಾಯಿಂಗ್ ಮುಗಿಸಬೇಕು, ಇಲ್ಲವಾದರೆ ಗ್ಲಾಸು ತೊಳೆಯಬೇಕು. ಬೆಳಿಗ್ಗೆ ನನ್ನ ಬೈಕು ಕಂಡರೆ ಕೂಗುತ್ತಿದ್ದರು, "ಸರ್, ಆ ಪೋರ ಇಂದು ಬಂದಾನೋ ಇಲ್ವೋ ನೋಡಿ ಹೇಳಿ. ಅಂವನ ಸಲುವಾಗಿ ನಾ ಮರ್ಯಾದೆ ಕಳ್ಕೊಂಡೇನೆ!" ನಮ್ಮ ಸಮಿತಿಯಿಂದ ಸರಿಹೋದ ಒಬ್ಬನನ್ನೂ ನಾನು ಕಾಣೆ. ಆ ಬೆಂಚಿನಿಂದ ಸರಿಹೋದವರು ಈಗ ನೌಕರಿಯಲ್ಲಿದ್ದಾರೆ.

ಆಮೇಲೆ ಹೊಸ ಪ್ರಾಚಾರ್ಯರು ಬಂದರು. ಪಾಲಕರು ಇನ್ನು ಮುಂದೆ ಆಧಾರ್ ಕಾರ್ಡು ತರಬೇಕೆಂದು ಗೋಡೆಗೆ ನೋಟಿಸು ಅಂಟಿಸಿದರು. ಅದೇ ವಾರ ಅಂಕೋಲೆ ಕಡೆಯ ಒಬ್ಬ ಹುಡುಗ ವರ್ಕ್‌ಶಾಪಿನ ಹಿಂದೆ ಸಿಗರೇಟು ಸೇದುತ್ತ ಸಿಕ್ಕಿಬಿದ್ದ. ಕೊನೆಯ ವರ್ಷದವನು, ಕೆಲಸದಲ್ಲಿ ಒಳ್ಳೆಯ ಕೈ. ಅಪ್ಪ ಬೋಟಿನ ಮೇಲಿದ್ದ. ಎಂದಿನಂತೆ ಮಾಮ ಅಂಗಿ ತೊಟ್ಟು ಬಂದರು.

"ನೀವು ಇವನಿಗೆ ಏನಾಗಬೇಕು?" ಪ್ರಾಚಾರ್ಯರು ಕಾರ್ಡು ತಿರುಗಿಸುತ್ತ ಕೇಳಿದರು.

"ಮಾಮ ಸರ್. ಇಂವನ ಅವ್ವ ನನ್ನ ತಂಗಿ."

"ಹೌದಾ? ತಂಗಿಯ ಹೆಸರೇನು?"

ಮಾಮ ಹುಡುಗನ ಮುಖ ನೋಡಿದರು. ಅವನು ನೆಲ ನೋಡುತ್ತಿದ್ದ. ಅಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ನಾವ್ಯಾರೂ ಕೇಳಿರಲಿಲ್ಲ.

"ಹಾಗಾದರೆ ಯಾವ ಕಡೆಯಿಂದ ಮಾಮ?"

"ಗೇಟಿನ ಕಡೆಯಿಂದ ಸರ್," ಎಂದರು ಮೆಲ್ಲಗೆ.

ನನಗೆ ನಗು ಬಂತು, ಮರುಕ್ಷಣವೇ ಮುಂದೆ ಬಂದೆ. "ಇದು ನಮಗೆಲ್ಲ ಗೊತ್ತಿದ್ದದ್ದೇ ಸರ್, ಬೇಕಾದರೆ ನನ್ನನ್ನು ಕೇಳಿ" ಎಂದೆ. ಪ್ರಾಚಾರ್ಯರು ಕೇಳಲಿಲ್ಲ, ನನಗೂ ಒಂದು ನೋಟಿಸು ಕೊಟ್ಟರು. ಹುಡುಗನ ಹೆಸರು ತೆಗೆದರು. ಆದೇಶದಲ್ಲಿ ಸಿಗರೇಟಿನ ಸುದ್ದಿಯೇ ಇರಲಿಲ್ಲ. ಸುಳ್ಳು ಪಾಲಕರನ್ನು ಕರೆತಂದು ಸಂಸ್ಥೆಗೆ ಮೋಸ ಮಾಡಿದ್ದಕ್ಕೆ ಈ ಕ್ರಮ ಎಂದು ಬರೆದಿತ್ತು. ಸಿಗರೇಟಿಗಾಗಿದ್ದರೆ ದಂಡ ಕಟ್ಟಿಸಿ ಬಿಡುತ್ತಿದ್ದರು. ಇದಕ್ಕೆ ಶಿಸ್ತು ಎಂದು ಹೆಸರು. ಇಂಥ ಶಿಸ್ತಿಗೆ ಬೆಂಕಿ ಬೀಳಲಿ ಎಂದು ಇವತ್ತಿಗೂ ಅನ್ನಿಸುತ್ತದೆ.

ಮಳೆಗಾಲಕ್ಕೆ ಮೀನಿನ ಬೋಟು ನಿಂತು ಹುಡುಗನ ಅಪ್ಪ ಊರಿಗೆ ಬಂದ. ಕಾಲೇಜಿಗೆ ಬಂದು ಆದೇಶ ಓದಿಸಿಕೊಂಡವನೇ ಸೀದಾ ಚಹಾದಂಗಡಿಗೆ ನಡೆದ. ನಾನೂ ಹಿಂದೆಯೇ ಓಡಿದೆ.

"ನನ್ನ ಮಗನಿಗೆ ಮಾಮ ಆಗೂಕೆ ನಿನಗೆ ಯಾರು ಹೇಳಿದ್ರು? ಯಾರೂ ಹೋಗದಿದ್ರೆ ನಾ ಬರೂತನಕ ಕಾಯ್ತಿದ್ರು. ನೀ ಹೋಗಿ ಅಂವನ ಜಲ್ಮ ಹಾಳು ಮಾಡ್ದೆ!"

ಗಿರಾಕಿಗಳೆಲ್ಲ ನೋಡುತ್ತಿದ್ದರು. ಆ ಅಪ್ಪ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಅದೇ ನನ್ನನ್ನು ಸುಡುವುದು. ಮಾಮ ನನ್ನೆದುರು ನಿಲ್ಲುತ್ತಿದ್ದಂತೆಯೇ ತಲೆ ತಗ್ಗಿಸಿ ನಿಂತು ಪೂರ್ತಿ ಕೇಳಿದರು. ಅವನು ಹೋದ ಮೇಲೆ ಸಮಾಧಾನ ಮಾಡಲು ಹೋದೆ.

"ಇರ್ಲಿ ಬಿಡಿ ಸರ್," ಎಂದರು. "ಇಷ್ಟು ವರ್ಷ ಯಾರ್ಯಾರದ್ದೋ ಬೈಗುಳ ತಿಂದೆ. ಇದೊಂದು ಮಾತ್ರ ನನ್ನದೇ."

ಹೋದ ವರ್ಷ ಅವರು ತೀರಿಕೊಂಡರು. ಅಲ್ಲಿಯತನಕ ಹುಡುಗರು ಎಷ್ಟು ಗೋಗರೆದರೂ ಮತ್ತೆ ಯಾರಿಗೂ ಮಾಮನಾಗಿ ಗೇಟು ದಾಟಲಿಲ್ಲ.