ಪಡಸಾಲೆಯಲ್ಲಿ ಹಾಸು

ವಾಸುದೇವ ಮಾಸ್ತರರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು ಎಂದು ಗಜೇಂದ್ರಗಡದ ನೇಕಾರ ಓಣಿಯವರು ಹೇಳುತ್ತಿದ್ದರು. ಹೇಳುವವರಿಗೇನು ಹೋಗಬೇಕು! ಅವರ ಕುರ್ಚಿಯಲ್ಲಿ ಕೂತು ಒಂದು ವಾರ ಆ ಹೈಸ್ಕೂಲು ನಡೆಸಿದ್ದರೆ ಯಾರ ಮೂಗಿನ ತುದಿಗಾದರೂ ಸಿಟ್ಟು ಬಂದು ಕೂಡುತ್ತಿತ್ತು.

ಶಾಲೆ ಇದ್ದದ್ದು ಊರ ನಟ್ಟನಡುವೆ, ಓಣಿಯ ಹಳೆಯ ವಾಡೆಯೊಂದರಲ್ಲಿ. ಹೆಬ್ಬಾಗಿಲು ದಾಟಿದರೆ ಎಡಕ್ಕೂ ಬಲಕ್ಕೂ ಉದ್ದಾನುದ್ದ ಚಾಚಿದ ಪಡಸಾಲೆ. ಪಡಸಾಲೆಯ ಆಚೆ ಬದಿಗೆ ಸಾಲಾಗಿ ಕೋಣೆಗಳು, ಅವೇ ವರ್ಗಗಳು. ಹಿತ್ತಿಲ ಗೋಡೆ ಕುಸಿದು ಹಿಂಬಾಗಿಲು ಮಣ್ಣಿನಲ್ಲಿ ಹೂತುಹೋಗಿ ಎಷ್ಟೋ ಕಾಲವಾಗಿತ್ತು. ಹೀಗಾಗಿ ಮಾಸ್ತರರಾಗಲಿ ಮಕ್ಕಳಾಗಲಿ ಪಡಸಾಲೆ ದಾಟದೆ ವರ್ಗ ಮುಟ್ಟುವಂತಿರಲಿಲ್ಲ.

ಈ ಶಾಲೆಯನ್ನು ಮಾಡಿದ್ದು ಸರಕಾರವಲ್ಲ, ಮಠವೂ ಅಲ್ಲ, ಓಣಿಯೇ. ಬೀಳುವ ಸ್ಥಿತಿಯಲ್ಲಿದ್ದ ವಾಡೆಯ ಮಾಳಿಗೆಗೆ ಓಣಿಯ ಗಂಡಸರು ತೊಲೆ ಹೊತ್ತು ಏರಿಸಿದ್ದರು. ಹೆಂಗಸರು ಪ್ರತಿ ಶನಿವಾರ ಮಧ್ಯಾಹ್ನ ಸರದಿಯ ಮೇಲೆ ಬಂದು ನೆಲ ಸಾರಿಸಿಕೊಟ್ಟು ಹೋಗುತ್ತಿದ್ದರು. ಇಷ್ಟೆಲ್ಲ ಮಾಡಿದವರು ಶಾಲೆ ತಮ್ಮದು ಅನ್ನದೆ ಇನ್ನೇನಂದಾರು? ತಮ್ಮದು ಅಂದ ಮೇಲೆ ಯಾರನ್ನು ಕೇಳಬೇಕು? ಮದುವೆ ಇದ್ದರೆ ಊಟದ ಪಂಕ್ತಿ ಪಡಸಾಲೆಯಲ್ಲಿ. ಅಣ್ಣತಮ್ಮಂದಿರು ಬೇರೆಯಾದರೆ ಹಿರಿಯರ ಪಂಚಾಯಿತಿ ಪಡಸಾಲೆಯಲ್ಲಿ. ಸುಗ್ಗಿ ಬಂದರೆ ಹತ್ತಿ ತುಂಬಿದ ಅಂಡಿಗೆಗಳೂ ಪಡಸಾಲೆಯಲ್ಲಿ. ಮಲಪ್ರಭೆ ಉಕ್ಕಿದ ವರ್ಷ ಹೊಳೆಮಣ್ಣೂರಿನ ನೆಂಟರಿಷ್ಟರು ಗಂಟುಮೂಟೆ ಕಟ್ಟಿಕೊಂಡು ಬಂದು ಇಳಿದದ್ದೂ ಅಲ್ಲಿಯೇ. ಒಮ್ಮೆ ಮಾಸ್ತರರು ಒಂಬತ್ತನೆಯ ವರ್ಗಕ್ಕೆ ತ್ರಿಕೋನ ಹೇಳಿಕೊಡುತ್ತಿರುವಾಗ ಹೊರಗೆ ಹೆಣ್ಣು ನೋಡುವ ಶಾಸ್ತ್ರ ನಡೆದಿತ್ತು. ಹುಡುಗರೆಲ್ಲ ಕರಿಹಲಗೆ ಬಿಟ್ಟು ಬಾಗಿಲ ಕಡೆಗೇ ನೋಡುತ್ತಿದ್ದರು. ಮಾಸ್ತರರು ಹಲಗೆಗೆ ಬರೆಯುತ್ತಿದ್ದ ಖಡುವನ್ನು ಗೋಡೆಗೆ ಎಸೆದು ಮನೆಗೆ ಬಂದುಬಿಟ್ಟಿದ್ದರು.

"ಖಡುನ ಎಸದ್ರ ಓಣಿ ಬದಲಾಗತದೇನ್ರಿ?" ಎಂದು ಹೆಂಡತಿ ಕಾಶಿಬಾಯಿ ತಾಟು ಹಾಕುತ್ತ ಕೇಳಿದ್ದಳು. "ಗದಗಿನವರು ಕರದಾಗ ಹೋಗಬೇಕಿತ್ತು."

ಗದಗಿನ ದೊಡ್ಡ ಹೈಸ್ಕೂಲಿನಿಂದ ನಿಜವಾಗಿಯೂ ಕರೆ ಬಂದಿತ್ತು. ಮಾಸ್ತರರು ಹೋಗಲಿಲ್ಲ. ಅವರು ನರಗುಂದದ ಬಡ ಪುರೋಹಿತರ ಮನೆಯವರು. ಧಾರವಾಡದಲ್ಲಿ ದಿನಕ್ಕೊಂದು ಮನೆಯಲ್ಲಿ ವಾರಾನ್ನ ಉಂಡು ಓದಿದವರು. ತಮ್ಮೂರಲ್ಲೇ ಶಾಲೆಯಿದ್ದಿದ್ದರೆ ಯಾರದೋ ಮನೆಯ ಜಗಲಿಯ ಮೇಲೆ ಊಟಕ್ಕೆ ಕಾಯುತ್ತ ಕೂಡುವ ಕಷ್ಟ ತಪ್ಪುತ್ತಿತ್ತಲ್ಲ ಎಂಬ ನೋವು ಅವರ ಹೊಟ್ಟೆಯಲ್ಲಿ ಹಾಗೆಯೇ ಉಳಿದಿತ್ತು. ಓಣಿಯ ಶಾಲೆ ಹತ್ತನೆಯ ಇಯತ್ತೆಗೆ ನಿಲ್ಲುತ್ತಿತ್ತು. ಎಸ್.ಎಸ್.ಸಿ. ಪರೀಕ್ಷೆಗೆ ಹನ್ನೊಂದನೆಯದು ಬೇಕು. ಅದಕ್ಕೆ ಗದಗಿಗೇ ಹೋಗಬೇಕು. ಗಂಡುಹುಡುಗರಲ್ಲಿ ಒಬ್ಬಿಬ್ಬರು ಹೋಗುತ್ತಿದ್ದರು. ಹೆಣ್ಣುಮಕ್ಕಳನ್ನು ಯಾರು ಕಳಿಸುತ್ತಾರೆ? ಹನ್ನೊಂದನೆಯ ಇಯತ್ತೆಗೆ ಅಪ್ಪಣೆ ಬೇಡಿ ಮಾಸ್ತರರು ಅರ್ಜಿ ಹಾಕುವುದು, ಧಾರವಾಡದ ಕಚೇರಿಯವರು "ಶಾಲೆಗೆ ಸ್ವತಂತ್ರ ಸ್ಥಳವಿಲ್ಲ" ಎಂದು ಹಿಂದಿರುಗಿಸುವುದು, ಇದು ಮುಂಬಯಿ ಸರಕಾರದ ಕಾಲದಲ್ಲಿ ವರ್ಷವರ್ಷದ ಆಟವಾಗಿಬಿಟ್ಟಿತ್ತು.

ಆ ಸಲ ಮಾತ್ರ ಅವರು ಹಟ ಹಿಡಿದದ್ದು ಹುಚ್ಚವ್ವನ ಸಲುವಾಗಿ. ನೇಕಾರ ರೇಣವ್ವನ ಮಗಳು ಹುಚ್ಚವ್ವ ಹತ್ತನೆಯ ವರ್ಗದಲ್ಲಿದ್ದಳು. ಹೆಸರು ಹುಚ್ಚವ್ವನಾದರೂ ಓಣಿಯಲ್ಲಿ ಅಷ್ಟು ಶಾಣ್ಯಾ ತಲೆ ಇನ್ನೊಂದಿರಲಿಲ್ಲ. ಮಾಸ್ತರರು ಹಲಗೆಯ ಮೇಲೆ ಬೀಜಗಣಿತದ ಲೆಕ್ಕ ಬರೆದು ತಿರುಗುವುದರೊಳಗೆ ಉತ್ತರ ಹೇಳಿ, ತಪ್ಪು ಮಾಡಿದವಳ ಹಾಗೆ ತಲೆ ತಗ್ಗಿಸುವಳು. ತಂದೆ ಇರಲಿಲ್ಲ. ತಾಯಿಯ ಕಣ್ಣು ಮಂಜಾಗತೊಡಗಿತ್ತು. ಆದರೂ ರೇಣವ್ವ, "ಸಾಲಿ ಓಣ್ಯಾಗ ಇರೂತನಾ ಕಲೀಲಿ ಬಿಡ್ರಿ" ಎಂದು ಮಾತು ಕೊಟ್ಟಿದ್ದಳು. ಬರುವ ಜೂನಿನೊಳಗೆ ಹನ್ನೊಂದನೆಯದು ಬಾರದಿದ್ದರೆ ಈ ಹುಡುಗಿಯ ಓದು ಅಲ್ಲಿಗೆ ಮುಗಿಯಿತು. ಮಾಸ್ತರರಿಗೆ ನಿದ್ದೆ ಬಾರದಿದ್ದುದು ಇದಕ್ಕೇ.

ದಸರೆಗೆ ಮುಂಚೆ, ಶಾಲೆಗಳ ಇನ್ಸ್‌ಪೆಕ್ಟರ್ ಸಾಹೇಬರು ಖುದ್ದು ಬಂದು ನೋಡುತ್ತಾರೆ ಎಂದು ತಿಳಿದುಬಂತು. ಮಾಸ್ತರರು ನೇರ ಅರ್ಜುನಪ್ಪನ ಮನೆಗೆ ಹೋದರು. ಅರ್ಜುನಪ್ಪ ಓಣಿಯ ಹಿರಿಯ, ಶಾಲೆಯ ಕಮಿಟಿಗೂ ಅವನೇ ಮುಖ್ಯಸ್ಥ.

"ಅರ್ಜುನಪ್ಪಾ, ಸಾಹೇಬರು ಬರೋ ದಿನ ಪಡಸಾಲಿ ಖಾಲಿ ಇರಬೇಕು. ಇದೊಂದು ಸಲ ನನ್ನ ಮಾತು ನಡಸಿಕೊಡು."

"ಅಷ್ಟ ಹೌದಿಲ್ರಿ ಮಾಸ್ತರ? ಖಾಲಿ ಇರತೈತಿ."

"ಲಗ್ನ ಇಲ್ಲ?"

"ಇಲ್ರಿ."

"ಪಂಚಾಯ್ತಿ? ಹತ್ತಿ ಅಂಡಿಗಿ?"

"ಯಾರಿಗೂ ಕೊಡಂಗಿಲ್ರಿ. ನಾ ಹೇಳಿದ್ದಕ್ಕ ಎದುರು ಮಾತಾಡೋರು ಓಣ್ಯಾಗ ಯಾರದಾರ?"

ಅರ್ಜುನಪ್ಪ ಸುಳ್ಳು ಹೇಳುವ ಮನುಷ್ಯನಲ್ಲ. ಆ ದಿನ ಅವನು ಯಾರಿಗೂ ಪಡಸಾಲೆ ಕೊಡಲಿಲ್ಲ ಎಂಬುದೂ ಖರೆ. ಆದರೆ ಓಣಿಯಲ್ಲಿ ಒಂದು ಪದ್ಧತಿಯಿತ್ತು. ಅದು ಎಷ್ಟು ಹಳೆಯದೆಂದರೆ ಅವನಿಗದು ನೆನಪಿಗೇ ಬರಲಿಲ್ಲ. ನೇಕಾರರು ಸೀರೆಯ ಹಾಸನ್ನು, ಅಂದರೆ ಉದ್ದುದ್ದದ ಎಳೆಗಳನ್ನು, ಬೀದಿಯುದ್ದಕ್ಕೂ ಎಳೆದು ಕಟ್ಟಿ ಗಂಜಿ ಹಚ್ಚಿ ಒಣಗಿಸುತ್ತಾರೆ. ಗಂಜಿ ಹಸಿಯಿರುವಾಗ ಮಳೆ ಬಂದರೆ ಎಳೆಗೆ ಎಳೆ ಅಂಟಿ ಎಲ್ಲ ಹಾಳು. ಹೀಗೆ ಮಳೆಗೆ ಸಿಕ್ಕ ಹಾಸನ್ನು ಕಂಡವರೆಲ್ಲ ಓಡಿಬಂದು, ಕೋಲು ಸಮೇತ ಎತ್ತಿ, ಪಡಸಾಲೆಯ ಕಂಬದಿಂದ ಕಂಬಕ್ಕೆ ಕಟ್ಟಬೇಕು. ಇದಕ್ಕೆ ಕೇಳುವುದಿಲ್ಲ, ಕೊಡುವುದೂ ಇಲ್ಲ. ಮನೆಗೆ ಬೆಂಕಿ ಬಿದ್ದರೆ ನೀರು ಸೇದಲು ಯಾರಾದರೂ ಅಪ್ಪಣೆ ಕೇಳುತ್ತಾರೆಯೇ? ಹಾಗೆ ಕಟ್ಟಿದ ಹಸಿ ಹಾಸು ಒಣಗುವ ತನಕ ಅದರ ಮೇಲೆ ದಾಟಬಾರದು, ಕೆಳಗೆ ನುಸುಳಬಾರದು.

ಆ ಬೆಳಗ್ಗೆ ಮಾಸ್ತರರು ಇಸ್ತ್ರಿ ಮಾಡಿದ ಕೋಟು ತೊಟ್ಟು, ಸಾಹೇಬರನ್ನು ಕರೆತರಲು ಮೋಟಾರು ಸ್ಟ್ಯಾಂಡಿಗೆ ಹೋಗಿದ್ದರು. ಮೋಡ ಕವಿದಿತ್ತು. ಮೋಟಾರು ಬರುವ ಹೊತ್ತಿಗೆ ಜಿಟಿಜಿಟಿ ಹನಿ ಹತ್ತಿತು. ಸಾಹೇಬರಿಗೆ ಕೊಡೆ ಹಿಡಿದುಕೊಂಡು ವಾಡೆಯ ಹೆಬ್ಬಾಗಿಲು ದಾಟಿದರು ನೋಡಿ, ಎದುರಿಗೆ ಎದೆಯೆತ್ತರಕ್ಕೆ, ಈ ತುದಿಯಿಂದ ಆ ತುದಿಯವರೆಗೆ, ಹಸಿರು ಹಾಸು! ಗಂಜಿ ತೊಟ್ಟಿಕ್ಕುತ್ತಿತ್ತು. ಆಚೆ ಬದಿಯಲ್ಲಿ ಶಾಲೆಯ ಉಳಿದ ಮಾಸ್ತರ ಮಂದಿ ಪಿಳಿಪಿಳಿ ನೋಡುತ್ತ ನಿಂತಿದ್ದರು. ಈಚೆ ಬದಿಯಲ್ಲಿ ಅರ್ಜುನಪ್ಪ, ಅರ್ಧ ಓಣಿ, ಹಾಸಿನ ಒಡತಿ ರೇಣವ್ವ. ಹತ್ತನೆಯ ವರ್ಗದ ಮಕ್ಕಳೂ ಕೋಲು ಹೊರಲು ಬಂದು ಕೈಯೆಲ್ಲ ಗಂಜಿ ಮಾಡಿಕೊಂಡಿದ್ದರು. ಅವರಲ್ಲಿ ಹುಚ್ಚವ್ವನೂ ಇದ್ದಳು.

ಮಾಸ್ತರರ ಪಿತ್ತ ನೆತ್ತಿಗೇರಿತು. "ಏನಿದು ಅರ್ಜುನಪ್ಪಾ? ಏನಂತ ಮಾತು ಕೊಟ್ಟಿದ್ದಿ?"

"ನಾ ಯಾರಿಗೂ ಕೊಟ್ಟಿಲ್ರೀ ಮಾಸ್ತರ. ಮಳಿ ಬಂತು, ರೇಣವ್ವನ ಹಾಸು ತಂದ್ವಿ." ಅವನ ಮುಖದಲ್ಲಿ ತಪ್ಪು ಮಾಡಿದ ಕಳೆಯೇ ಇರಲಿಲ್ಲ. ಸಾಹೇಬರ ಕಡೆ ತಿರುಗಿ ಕೈಮುಗಿದ. "ಬರ್ರಿ ಸಾಹೇಬರ, ಇಲ್ಲೇ ಕುಂದರ್ರಿ, ಚಾ ಕುಡೀರಿ. ಒಂದ ತಾಸಿನ್ಯಾಗ ಒಣಗತೈತಿ."

ಸಾಹೇಬರು ಗಡಿಯಾರ ತೆಗೆದು ನೋಡಿದರು. ರೋಣಕ್ಕೆ ಹೋಗುವ ಮೋಟಾರು ಹಿಡಿಯಬೇಕಿತ್ತು ಅವರಿಗೆ. "ಇದು ಶಾಲೆಯೋ ಮಗ್ಗದ ಮನೆಯೋ, ಹೆಡ್‌ಮಾಸ್ಟರೇ? ಕಚೇರಿಯವರು ಬರೆದದ್ದು ಸುಳ್ಳಲ್ಲ. ನಾನೂ ಅದನ್ನೇ ಬರೆಯುತ್ತೇನೆ" ಎಂದು ಹೆಬ್ಬಾಗಿಲ ಕಡೆ ಹೆಜ್ಜೆ ಹಾಕಿದರು.

ಇಷ್ಟು ವರ್ಷದ ಮದುವೆಯ ಪಂಕ್ತಿಗಳು, ಹಿರಿಯರ ಪಂಚಾಯಿತಿಗಳು, ಹತ್ತಿಯ ಅಂಡಿಗೆಗಳು ಎಲ್ಲವೂ ಒಟ್ಟಿಗೆ ಮಾಸ್ತರರ ತಲೆಗೆ ಬಂದು ಗುದ್ದಿದವು. ಗಂಜಿಯ ಕೊಳಗದ ಪಕ್ಕದಲ್ಲಿ ನೂಲು ಕೊಯ್ಯುವ ಚೂರಿ ಬಿದ್ದಿತ್ತು. ಅದನ್ನು ಎತ್ತಿಕೊಂಡರು.

"ಮಾಸ್ತರ, ಬ್ಯಾಡ್ರಿ!" ರೇಣವ್ವ ಚೀರಿದಳು. "ನಿಮ್ಮ ಕಾಲಿಗೆ ಬೀಳ್ತನ್ರಿ, ಒಂದ ತಾಸು ತಡೀರಿ!"

"ನಿನ್ನ ಮಗಳ ಸಲುವಾಗೇ ರೇಣವ್ವಾ" ಎಂದರು ಮಾಸ್ತರರು. ಹಾಗಂದವರೇ ಹಾಸನ್ನು ಅಡ್ಡಡ್ಡ ಕೊಯ್ದುಬಿಟ್ಟರು.

ಬಿಗಿದು ಕಟ್ಟಿದ ಎಳೆಗಳು ಸರ್ರನೆ ಎರಡೂ ಕಡೆಗೆ ಸೇದಿಕೊಂಡು ಸಾರಿಸಿದ ನೆಲದ ಮೇಲೆ ಮುದ್ದೆಯಾಗಿ ಬಿದ್ದವು. ಓಣಿಯವರು ಒಬ್ಬೊಬ್ಬರೇ ಗೋಡೆಗೆ ಸರಿದು ನಿಂತರು. ಬೈದಿದ್ದರೆ, ಕೈಯೆತ್ತಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. ಸಾಹೇಬರು ಧೋತರದ ಚುಂಗು ಎತ್ತಿ ಹಿಡಿದು ನಡುವೆ ದಾರಿ ಮಾಡಿಕೊಂಡು ಒಳಗೆ ನಡೆದರು.

ಎಲ್ಲ ವರ್ಗ ನೋಡಿದರು. ಹತ್ತನೆಯದರಲ್ಲಿ ಬೀಜಗಣಿತದ ಒಂದು ಲೆಕ್ಕ ಕೇಳಿದರು. ಮಾಸ್ತರರು ಎಷ್ಟೋ ದಿನದಿಂದ ಕಾದಿದ್ದ ಗಳಿಗೆ ಅದು. ಎದೆಯುಬ್ಬಿಸಿ "ಹುಚ್ಚವ್ವಾ, ಏಳು" ಎಂದರು. ಆಕೆಯ ಜಾಗ ಖಾಲಿಯಿತ್ತು. ಬಾಗಿಲಿಂದ ನೋಡಿದರೆ, ಪಡಸಾಲೆಯಲ್ಲಿ ತಾಯಿಯ ಜೊತೆ ನೆಲದ ಮೇಲೆ ಕೂತು ಅಂಟಿಕೊಂಡ ಎಳೆಗಳನ್ನು ಬಿಡಿಸುತ್ತಿದ್ದಳು. ಲೆಕ್ಕವನ್ನು ಇನ್ನೊಬ್ಬ ಹುಡುಗ ಹೇಗೋ ತಡವರಿಸಿ ಬಿಡಿಸಿದ. ಸಾಹೇಬರು ಹೋಗುವಾಗ, "ಶಿಸ್ತು ತರುವ ಧೈರ್ಯ ನಿಮಗಿದೆ, ಅಪ್ಪಣೆ ಕೊಡಿಸುತ್ತೇನೆ" ಎಂದು ಬೆನ್ನು ಚಪ್ಪರಿಸಿದರು.

ಕೊಡಿಸಿದರು ಕೂಡ. ಓಣಿಯವರು ಜಗಳಕ್ಕೆ ಬರಲಿಲ್ಲ. ಮಾಸ್ತರರು ಎದುರಾದರೆ ಮೊದಲಿನಂತೆಯೇ ನಮಸ್ಕಾರ ಮಾಡುತ್ತಿದ್ದರು. ಆದರೆ ಮುಂದಿನ ಶನಿವಾರ ನೆಲ ಸಾರಿಸಲು ಯಾರೂ ಬರಲಿಲ್ಲ, ಅದರ ಮುಂದಿನ ಶನಿವಾರವೂ ಇಲ್ಲ. ಮದುವೆಗಳು ಬೀದಿಯ ಚಪ್ಪರಕ್ಕೆ ಹೋದವು. ಮಾಸ್ತರರು ಬೇಡಿದ್ದ ಖಾಲಿ ಪಡಸಾಲೆ ಕೊನೆಗೂ ಸಿಕ್ಕಿತು. ಅದರಲ್ಲಿ ಧೂಳು ಏಳುತ್ತಿತ್ತು. "ಈಗರೆ ಸಮಾಧಾನ ಆತೇನ್ರಿ?" ಎಂದು ಕಾಶಿಬಾಯಿ ಕೇಳಿದಾಗ ಅರ್ಧ ಊಟಕ್ಕೇ ಕೈ ತೊಳೆದುಕೊಂಡರು. ಇಷ್ಟೆಲ್ಲ ಯಾರಿಗಾಗಿ ಮಾಡಿದ್ದು? ಇವರ ಮಕ್ಕಳಿಗಾಗಿಯೇ ಅಲ್ಲವೇ? ಇಷ್ಟು ತಿಳಿಯದ ಜನವೇ? ದಿನವೂ ಇದನ್ನೇ ಗೊಣಗುತ್ತ ಸ್ವತಃ ಕಸಬರಿಗೆ ಹಿಡಿದು ಪಡಸಾಲೆ ಗುಡಿಸುತ್ತಿದ್ದರು.

ಹುಚ್ಚವ್ವ ದೀಪಾವಳಿಯ ತನಕ ಬರಲಿಲ್ಲ. ಬರುತ್ತಾಳೆ ಬಿಡು ಎಂದುಕೊಂಡರು. ದೀಪಾವಳಿಯ ಮೇಲೂ ಬರಲಿಲ್ಲ. ಕರೆಯಲು ಹೋಗಬೇಕೆಂದು ಎಷ್ಟೋ ಸಲ ಹೊರಟು, ರೇಣವ್ವನ ಎದುರು ನಿಲ್ಲುವ ಮನಸ್ಸಾಗದೆ ಹಿಂದಿರುಗಿದರು. ಹತ್ತನೆಯದರ ಪರೀಕ್ಷೆಯೂ ಆಕೆಯಿಲ್ಲದೆ ಮುಗಿಯಿತು.

ಜೂನಿನಲ್ಲಿ ಹನ್ನೊಂದನೆಯ ಇಯತ್ತೆ ಶುರುವಾಯಿತು. ಸೂಡಿಯಿಂದ ಹುಡುಗರು ಬಂದರು, ಪೇಟೆಯ ವ್ಯಾಪಾರಸ್ಥರ ಮಕ್ಕಳು ಬಂದರು. ಮೊದಲ ದಿನದ ಪಾಠ ಮುಗಿಸಿದ ಮಾಸ್ತರರು, ಇವತ್ತು ಏನೇ ಆಗಲಿ ಎಂದು ರೇಣವ್ವನ ಮನೆಗೆ ಹೋದರು. ಆಕೆಯ ಮಗ್ಗ ಬಟ್ಟೆ ಮುಚ್ಚಿಕೊಂಡು ಮೂಲೆಯಲ್ಲಿ ನಿಂತಿತ್ತು. ನೆರೆಮನೆಯ ದೇವಪ್ಪನ ಮಗ್ಗದ ಸಪ್ಪಳ ಕೇಳಿ ಅಲ್ಲಿ ಇಣುಕಿದರು. ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟು ಹುಚ್ಚವ್ವ ನೇಯುತ್ತಿದ್ದಳು. ಮಾಸ್ತರರನ್ನು ಕಂಡು ಗಡಬಡಿಸಿ ಎದ್ದು ನಿಂತಳು.

"ಹನ್ನೊಂದನೇದು ಬಂತು ಹುಚ್ಚವ್ವಾ" ಎಂದರು. ದನಿ ತಮಗೇ ಸಣ್ಣದೆನಿಸಿತು. "ಹತ್ತನೇದ್ದು ಪರೀಕ್ಷಾ ನಾನ ತಗೋತೀನಿ. ನಾಳಿಯಿಂದ ಬಾ."

"ಚಲೋ ಆತ್ರಿ ಸರ." ಆಕೆ ನಿಜವಾಗಿಯೇ ಸಂತೋಷಪಟ್ಟಳು. "ಹುಡಿಗ್ಯಾರು ಎಷ್ಟ ಮಂದಿ ಅದಾರ್ರಿ?"

ಒಬ್ಬಳೂ ಇರಲಿಲ್ಲ. ಅದನ್ನು ಹೇಳಲಾರದೆ, "ನೀ ಯಾಕ ಬರವಲ್ಲಿ, ಅದನ್ನ ಹೇಳು. ಅವ್ವ ಬ್ಯಾಡ ಅಂತಾಳೇನು? ಅರ್ಜುನಪ್ಪ ಏನರ ಅಂದನೇನು? ಯಾರಂದ್ರು ಹೇಳು, ಅವರನ್ನ ಕೇಳ್ತೀನಿ" ಎಂದರು. ಹಳೆಯ ಸಿಟ್ಟು ಮತ್ತೆ ಮೂಗಿನ ತುದಿಗೆ ಬಂದಿತ್ತು.

"ಯಾರೂ ಏನೂ ಅಂದಿಲ್ರಿ ಸರ." ಹುಚ್ಚವ್ವ ಲಾಳಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸುತ್ತಿದ್ದಳು. "ಕೊಯ್ದ ಹಾಸಿನ ಎಳಿ ಎಳಿ ಹುಡಕಿ ಗಂಟ ಹಾಕಬೇಕಾತ್ರಿ. ಅವ್ವಗ ಕಣ್ಣು ಕಾಣಂಗಿಲ್ಲ, ನಾನ ಕುಂತ್ನಿ. ನೂಲು ಕೊಡೋ ಸಾವುಕಾರಗ ದೀಪಾಳಿಗೆ ಕೊಡಬೇಕಾದ ಸೀರಿ ಮುಗೀಲಿಲ್ರಿ. ಆಂವ ನಮಗ ನೂಲು ಕೊಡೂದು ಬಿಟ್ಟ. ಅದಕ್ಕ ದೇವಪ್ಪ ಕಾಕಾನ ಮಗ್ಗಕ್ಕ ಬರತನ್ರಿ." ಆಮೇಲೆ ಬೈಗುಳವೂ ಅಲ್ಲದ ಅಳುವೂ ಅಲ್ಲದ ದನಿಯಲ್ಲಿ ಹೇಳಿದಳು: "ಅವತ್ತ ಒಂದ ತಾಸು ತಡದಿದ್ರ ನಾ ಸಾಲಿಗೆ ಬರತಿದ್ನಿರಿ ಸರ."

ಮಾಸ್ತರರು ಬಾಗಿಲಲ್ಲೇ ನಿಂತರು. ಸಿಟ್ಟು ಇನ್ನೂ ಹಾಗೆಯೇ ಇತ್ತು. ಅರ್ಜುನಪ್ಪನನ್ನು ಬೈಯೋಣವೆಂದರೆ ಆಗಲಿಲ್ಲ, ಓಣಿಯನ್ನು ಬೈಯೋಣವೆಂದರೆ ಆಗಲಿಲ್ಲ. ಹುಡುಗಿ ಅವರು ಹೋಗುವುದನ್ನೇ ಕಾಯುತ್ತಿದ್ದಳು; ಮಾಸ್ತರರು ನಿಂತಿರುವಾಗ ಕೂಡಬಾರದೆಂಬ ಮರ್ಯಾದೆಯನ್ನು ಶಾಲೆಯಲ್ಲಿ ಅವರೇ ಕಲಿಸಿದ್ದರು. ಅದು ತಿಳಿದ ಮೇಲೆ ಅವರು ಸರಿದು ಬೀದಿಗಿಳಿದರು, ಹಿಂದೆ ಮಗ್ಗದ ಸಪ್ಪಳ ಶುರುವಾಯಿತು.